ಮುಳ್ಳು ಅಲುಗದ ಹನ್ನೊಂದು ಭಾನುವಾರ

ನಮ್ಮ ಕಾರಿನ ಪೆಟ್ರೋಲ್ ಮುಳ್ಳು ಕೆಟ್ಟಿದೆ ಎಂದು ಕಂಡುಹಿಡಿದವನು ನಾನು. ಅದು ನೆಟ್ಟಗಿದೆ, ಅದರ ತಂಟೆಗೆ ಹೋಗಬೇಡಿ ಎಂದವಳು ನನ್ನ ಹೆಂಡತಿ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ನೀವು ತೀರ್ಪು ಕೊಡುವ ಮೊದಲು, ಮುಳ್ಳುಗಳ ವಿಷಯದಲ್ಲಿ ನಾನು ಎಂಥ ಘಟಾನುಘಟಿ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಅವಳನ್ನು ಕೇಳಿದರೆ ಬೇರೆ ಏನಾದರೂ ಹೇಳಿಯಾಳು. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ನಾನು ಹವಾಮಾನ ಕಚೇರಿಯಲ್ಲಿ ವೀಕ್ಷಕ. ಇಪ್ಪತ್ತೆಂಟು ವರ್ಷಗಳಿಂದ ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಒಳಗಿನ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕಸುಬು. ಗಾಳಿಯ ಒತ್ತಡಕ್ಕೊಂದು ಮುಳ್ಳು, ವೇಗಕ್ಕೊಂದು ಮುಳ್ಳು, ತೇವಕ್ಕೊಂದು ಮುಳ್ಳು. ಅದು ಮುಗಿದ ಮೇಲೆ ಅಂಗಳಕ್ಕೆ ಬಂದು ತಲೆಯೆತ್ತಿ ನಿಲ್ಲಬೇಕು. ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಎಂಟರಲ್ಲಿ ಎಷ್ಟು ಪಾಲು ಮೋಡ ಎಂದು ಬರೆಯಬೇಕು. ಮೋಡ ನೋಡುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದನ್ನು ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ನಂಬಿರಲಿಲ್ಲ. (ಈಗಲೂ ಪೂರ್ತಿ ನಂಬಿದಂತಿಲ್ಲ.)

ಈ ಕಸುಬಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಎಲ್ಲಿದ್ದರೂ ಕಣ್ಣು ಮೇಲಕ್ಕೆ ಹೋಗುತ್ತದೆ. ಹಾಲು ಒಲೆಯ ಮೇಲಿಟ್ಟು ಕಿಟಕಿಯ ಕಡೆ ತಿರುಗಿದೆ ಎನ್ನಿ, ಅಲ್ಲಿ ಹಿಂಜಿದ ಹತ್ತಿಯಂತಹ ಒಂದು ಮೋಡ ಅವಸರವಿಲ್ಲದೆ ಹೊರಟಿರುತ್ತದೆ. ಅದರ ಜೊತೆ ನಾನೂ ಎರಡು ಹೆಜ್ಜೆ ಹೋಗುತ್ತೇನೆ. ವಾಪಸು ಬರುವಷ್ಟರಲ್ಲಿ ಹಾಲು ಒಲೆಯ ಕೆಳಗಿರುತ್ತದೆ. ಹೆಂಡತಿ ಇದಕ್ಕೆ ‘ಮೇಲೆ ಹೋಗುವುದು’ ಎಂದು ಹೆಸರಿಟ್ಟಿದ್ದಾಳೆ. ಬಾಗಿಲಿಗೆ ಬಂದವರ ಹತ್ತಿರ, “ಇವರು ಮೇಲೆ ಹೋಗಿದಾರೆ, ಸ್ವಲ್ಪ ಕೂತ್ಕೊಳ್ಳಿ, ಬರ್ತಾರೆ,” ಎನ್ನುತ್ತಾಳೆ. ಮನೆಗೆ ಮಹಡಿ ಇಲ್ಲದ್ದರಿಂದ ಬಂದವರು ಗಾಬರಿಯಾಗುತ್ತಾರೆ.

ಕಾರು ಹಳೆಯದು, ಮಾಸಿದ ನೀಲಿ ಬಣ್ಣ. ನಾನು ಕಚೇರಿಗೆ ಸೈಕಲ್ಲಿನಲ್ಲಿ ಹೋಗುವುದರಿಂದ ವಾರವಿಡೀ ಅದು ಅವಳ ಕೈಯಲ್ಲಿರುತ್ತದೆ. ಅವಳದು ಹೊಲಿಗೆ ಅಂಗಡಿ. ಬಟ್ಟೆಯ ಥಾನು ತರುವುದು, ಹೊಲಿದದ್ದನ್ನು ಮುಟ್ಟಿಸುವುದು ಎಲ್ಲ ಇದರಲ್ಲೇ. ಭಾನುವಾರ ಮಾತ್ರ ಕಾರು ನನ್ನದು. ಕಿಟಕಿ ಇಳಿಸಿ, ಊರಾಚೆಯ ಉದ್ದನೆಯ ರಸ್ತೆಯಲ್ಲಿ, ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನವಾಗಿ ಹೋಗುತ್ತೇನೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಅತ್ತೆ, ಮುಂದೆ ಪೂರ್ತಿ ಆಕಾಶ. ನನಗೆ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಆಸೆ ಯಾವುದೂ ಇಲ್ಲ.

ಅಂಥ ಒಂದು ಭಾನುವಾರ ಪೆಟ್ರೋಲು ಮುಗಿದು ಕಾರು ಹೊಲಗಳ ನಡುವೆ ನಿಂತುಬಿಟ್ಟಿತ್ತು. ಮುಳ್ಳು ಬೆಳಗಿನಿಂದ ಖಾಲಿ ಎಂದು ತೋರಿಸುತ್ತಿತ್ತಂತೆ. ನಾನು ಮೇಲೆ ಹೋಗಿದ್ದೆ. ಮನೆಗೆ ಬಂದ ಮೇಲೆ ಅವಳು ಎಂದಿನಂತೆ ನನಗೆ ಕಾಫಿ ತಂದುಕೊಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಎದ್ದು ನಿಂತು ಭೀಷಣವಾದ ಒಂದು ಶಪಥ ಮಾಡಿದೆ.

“ಇವತ್ತಿನಿಂದ ಈ ಕಾರಿನ ಪೆಟ್ರೋಲಿನ ಹೊಣೆ ಪೂರ್ತಿ ನಂದು. ಹಾಕಿಸಿದ್ರಾ ಅಂತ ಯಾರೂ ನನ್ನ ಕೇಳಕೂಡದು.”

“ಕೇಳಲ್ಲ ಬಿಡಿ,” ಎಂದಳು ಹೆಂಡತಿ.

“ನಾನೂ ಕೇಳಲ್ಲ, ಅಳಿಯಂದ್ರೇ,” ಎಂದರು ಅತ್ತೆ.

ನಮ್ಮ ಮನೆಯ ಹೆಂಗಸರು ಮಾತಿಗೆ ತಪ್ಪುವವರಲ್ಲ. ಯಾರೂ ಕೇಳಲಿಲ್ಲ.

ನಾನು ಕೆಲಸವನ್ನು ವೈಜ್ಞಾನಿಕವಾಗಿ ಶುರುಮಾಡಿದೆ. ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ ಕಾರಿನಲ್ಲಿ ತೂಗುಹಾಕಿದೆ. ಪ್ರತಿ ಭಾನುವಾರ ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಕೀಲಿ ತಿರುಗಿಸಿ, ಗಾಜಿನ ಮೇಲೆ ಎರಡು ಸಲ ತಟ್ಟಿ, ಮುಳ್ಳನ್ನು ಓದಿ ಬರೆದೆ. ಮೊದಲ ಭಾನುವಾರ: ಅರ್ಧ. ಅರ್ಧ ಇದೆಯಲ್ಲ, ಮುಂದಿನ ವಾರ ಹಾಕಿಸಿದರಾಯಿತು ಎಂದುಕೊಂಡೆ. ಎರಡನೆಯ ಭಾನುವಾರ: ಅರ್ಧ. ಮೂರನೆಯದು: ಅರ್ಧ. ಹೀಗೆ ಹನ್ನೊಂದು ಭಾನುವಾರ. ಅಷ್ಟು ದಿನವೂ ಒಂದು ತೊಟ್ಟು ಪೆಟ್ರೋಲು ಹಾಕಿಸದೆ ಕಾರು ಓಡಿತು. ಇದಕ್ಕೆ ನನ್ನ ನಿಧಾನವಾದ ಚಾಲನೆಯೇ ಕಾರಣ ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹತ್ತನೆಯ ವಾರದ ಕೊನೆಗೆ ಗಾಳಿಯ ವಿಭಾಗದ ಗೆಳೆಯನೊಬ್ಬ ಮಾತ್ರ ನಗಲಿಲ್ಲ.

“ಹತ್ತು ವಾರಾನಾ? ಮುಳ್ಳು ಕೆಟ್ಟು ಒಂದೇ ಕಡೆ ಸಿಕ್ಕಾಕ್ಕೊಂಡಿದೆ ಕಣಯ್ಯ. ಟ್ಯಾಂಕ್‌ನಲ್ಲಿ ಏನಿದ್ಯೋ ಏನಿಲ್ವೋ. ಯಾವತ್ತೋ ನಡುದಾರೀಲಿ ಕೈ ಕೊಡುತ್ತೆ.”

 ಬರುವ ಮಂಗಳವಾರವೇ ಅತ್ತೆಗೆ ಕಣ್ಣಿನ ಆಪರೇಷನ್ ಇತ್ತು. ಅವರಿಗೆ ನಾಲ್ಕು ವರ್ಷಗಳಿಂದ ಎರಡೂ ಕಣ್ಣು ಮಂಜು. ನಮ್ಮನ್ನೆಲ್ಲ ಧ್ವನಿಯಿಂದಲೇ ಗುರುತಿಸುತ್ತಿದ್ದರು. ನನ್ನ ಹೆಂಡತಿಗೆ ಹೊಲಿಗೆ ಕಲಿಸಿದವರು ಅವರು, ಸೂಜಿಗೆ ದಾರ ಪೋಣಿಸದೆ ನಾಲ್ಕು ವರ್ಷವಾಗಿತ್ತು. ಮಂಗಳವಾರ ಒಂದು ಕಣ್ಣಿನ ಆಪರೇಷನ್, ಅದರ ಮುಂದಿನ ಸೋಮವಾರ ಹತ್ತೂವರೆಗೆ ಪಟ್ಟಿ ಬಿಚ್ಚುವುದು ಎಂದು ಗೊತ್ತಾಗಿತ್ತು. ಹನ್ನೊಂದೂವರೆಗೆ ಡಾಕ್ಟರು ಬೇರೆ ಊರಿಗೆ ಹೊರಟರೆ ಬರುವುದು ಇಪ್ಪತ್ತು ದಿನದ ಮೇಲೆ. ಅಂಥ ದಿನ ಕಾರು ದಾರಿಯಲ್ಲಿ ನಿಂತರೆ ನಾನು ಆ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಇರಲಿ?

ಹನ್ನೊಂದನೆಯ ಭಾನುವಾರ ಬೆಳಗ್ಗೆ ಅರ್ಧ ಎಂದು ಬರೆದು, ನೋಟ್‌ಬುಕ್ ಮುಚ್ಚಿ, ಅಡುಗೆಮನೆಗೆ ಹೋಗಿ ಘೋಷಿಸಿದೆ.

“ಮುಳ್ಳು ಕೆಟ್ಟಿದೆ. ಇವತ್ತು ರಿಪೇರಿ.”

ಹೆಂಡತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಯಾವ ಮುಳ್ಳು?”

“ಪೆಟ್ರೋಲ್ ಮುಳ್ಳು. ಹನ್ನೊಂದು ವಾರದಿಂದ ಅರ್ಧದ ಮೇಲೇ ನಿಂತಿದೆ.”

“ಅದು ಸರಿಯಾಗೇ ಇದೆ ರೀ. ಸುಮ್ನೆ ಬಿಡಿ.”

“ಸರಿಯಾಗಿದ್ರೆ ಕಾರು ಗಾಳಿ ಕುಡ್ಕೊಂಡು ಓಡ್ತಾ ಇದ್ಯಾ?”

ಅವಳು ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಜಗಲಿಯಿಂದ ಕೆಮ್ಮಿದರು. ಅವಳು ಬಾಯಿ ಮುಚ್ಚಿದಳು. “ನಿಮ್ಮಿಷ್ಟ. ಬಿಚ್ಚಿದ್ದನ್ನ ವಾಪಸ್ ಹಾಕೋದು ಮರೀಬೇಡಿ,” ಎಂದಷ್ಟೇ ಹೇಳಿ ಲೋಟ ತೊಳೆಯತೊಡಗಿದಳು. ಅದು ಆಗಲೇ ತೊಳೆದಿದ್ದ ಲೋಟ ಎಂದು ನನಗೆ ಈಗ ನೆನಪಾಗುತ್ತದೆ.

ಪಕ್ಕದ ಬೀದಿಯ ಮೆಕ್ಯಾನಿಕ್ಕನ್ನು ಕರೆತಂದೆ. ಎಲ್ಲರೂ ಅವನನ್ನು ಟೆಲಿಗ್ರಾಂ ಎಂದು ಕರೆಯುತ್ತಾರೆ. ಎರಡು ಪದದಲ್ಲಿ ಮುಗಿಯುವುದಕ್ಕೆ ಮೂರನೆಯದನ್ನು ಅವನು ಬಳಸಿದ್ದು ಯಾರಿಗೂ ಗೊತ್ತಿಲ್ಲ. ನಾನು ಹನ್ನೊಂದು ವಾರಗಳ ವರದಿಯನ್ನು ಓದಿ ಹೇಳಿದೆ. ಅವನು ಕೇಳಿಸಿಕೊಂಡು ಹಿಂದಿನ ಸೀಟು ಎತ್ತಿದ. ಅದರ ಕೆಳಗೆ ತಗಡಿನ ಮುಚ್ಚಳ, ಅದರ ಕೆಳಗೆ ಟ್ಯಾಂಕು. “ಮುಂದೆ ಕೂತ್ಕೊಳಿ. ಓದಿ,” ಎಂದ. ಇಷ್ಟು ವರ್ಷದಲ್ಲಿ ನನ್ನ ವಿದ್ಯೆಯನ್ನು ಸರಿಯಾಗಿ ಗುರುತಿಸಿದವನು ಅವನೊಬ್ಬನೇ. ನಾನು ಮುಂದೆ ಕೂತು ಕೀಲಿ ತಿರುಗಿಸಿದೆ.

ಅವನು ಟ್ಯಾಂಕಿನ ವೈರನ್ನು ಕಿತ್ತ. ಮುಳ್ಳು ಮೆಲ್ಲಗೆ ಕೆಳಗಿಳಿಯಿತು. “ಖಾಲಿ,” ಎಂದೆ. ವೈರಿನ ತುದಿಯನ್ನು ಕಾರಿನ ಮೈಗೆ ಮುಟ್ಟಿಸಿದ. ಮುಳ್ಳು ಏರುತ್ತ ಏರುತ್ತ ಕೊನೆ ಮುಟ್ಟಿತು. “ಫುಲ್,” ಎಂದೆ.

“ಮುಳ್ಳು ಸರಿ. ವೈರ್ ಸರಿ,” ಎಂದ.

ಆಮೇಲೆ ಟ್ಯಾಂಕಿನ ಬಾಯಿಂದ ಫ್ಲೋಟು ಹೊರತೆಗೆದ. ಗೇಣುದ್ದದ ಒಂದು ಕಡ್ಡಿ, ಅದರ ತುದಿಗೆ ನಿಂಬೆಹಣ್ಣಿನಷ್ಟು ದೊಡ್ಡ ಬುರುಡೆ. ಪೆಟ್ರೋಲಿನ ಮೇಲೆ ತೇಲುವ ಆ ಬುರುಡೆ ಏರಿದರೆ ಮುಳ್ಳು ಏರುತ್ತದೆ, ಇಳಿದರೆ ಇಳಿಯುತ್ತದೆ. ಇಷ್ಟೇ ಯಂತ್ರ. ಅವನು ಅದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದ. ಮುಳ್ಳು ಅದರ ಹಿಂದೆಯೇ ಹೋಗಿ ಬಂತು. ನಾನು ಒಂದಷ್ಟು ಹೊತ್ತು ಅದನ್ನೇ ನೋಡುತ್ತ ಕೂತೆ. ಎಲ್ಲೋ ಕತ್ತಲಲ್ಲಿ ಒಂದು ಬುರುಡೆ ಸದ್ದಿಲ್ಲದೆ ತೇಲುತ್ತಿರುತ್ತದೆ, ಅದರ ಮನಸ್ಸಿನಲ್ಲಿ ಇರುವುದು ಇಲ್ಲಿ ಬೆಳಕಿನಲ್ಲಿ ನಮಗೆ ಕಾಣುತ್ತದೆ ಎನಿಸಿ ಬಹಳ ಖುಷಿಯಾಯಿತು.

“ಫ್ಲೋಟ್ ಸರಿ,” ಎಂದ ಟೆಲಿಗ್ರಾಂ.

“ಎಲ್ಲಾ ಸರಿ ಇದ್ರೆ ಅರ್ಧ ಯಾಕೆ ತೋರಿಸ್ತಿದೆ?”

“ಅರ್ಧ ಇದೆ.”

 ಅವನಿಗೆ ಹನ್ನೊಂದು ವಾರಗಳ ಅಂಕಿ ಅಂಶದ ಮಹತ್ವ ತಿಳಿದಿಲ್ಲ ಎಂದು ಬಗೆದೆ. ಅಷ್ಟರಲ್ಲಿ ಹೆಂಡತಿ ಅವನನ್ನು ಟೀ ಕುಡಿಯಲು ಒಳಗೆ ಕರೆದಳು. ಅಂಗಳದಲ್ಲಿ ನಾನು ಮತ್ತು ಫ್ಲೋಟು ಇಬ್ಬರೇ ಉಳಿದೆವು. ಕಡ್ಡಿಯನ್ನು ತಿರುಗಿಸಿ ನೋಡಿದೆ. ಮಧ್ಯದಲ್ಲಿ ಒಂದು ಸಣ್ಣ ಬಾಗು ಇತ್ತು. ಇದೇ ರೋಗದ ಮೂಲ ಎಂದು ನನ್ನ ಒಳಮನಸ್ಸು ಹೇಳಿತು. (ಅದು ಕಾರ್ಖಾನೆಯಲ್ಲೇ ಬೇಕೆಂದು ಬಾಗಿಸಿದ್ದು ಎಂದು ಆಮೇಲೆ ತಿಳಿಯಿತು.) ಮಂಡಿಗೆ ಒತ್ತಿ ನೆಟ್ಟಗೆ ಮಾಡಿದೆ, ಒಂದು ಕೂದಲೆಳೆಯಷ್ಟು ಹೆಚ್ಚೇ ಮಾಡಿದೆ. ಫ್ಲೋಟನ್ನು ವಾಪಸು ಒಳಗಿಳಿಸುವಾಗ ಅದು ಟ್ಯಾಂಕಿನ ಗೋಡೆಗೆ ತುಸು ಉಜ್ಜಿದಂತಾಯಿತು. ಒತ್ತಿ ಕೂರಿಸಿ, ವೈರು ಸಿಕ್ಕಿಸಿ, ಓಡಿ ಹೋಗಿ ಕೀಲಿ ತಿರುಗಿಸಿದೆ.

ಮುಳ್ಳು ಎದ್ದಿತು. ಅರ್ಧ ದಾಟಿತು. ಮುಕ್ಕಾಲು ದಾಟಿತು. ಫುಲ್ ಎಂದು ಬರೆದ ಕಡೆ ಹೋಗಿ ನಿಂತಿತು. ಎಂದರೆ ಟ್ಯಾಂಕು ಮೊದಲಿನಿಂದಲೂ ತುಂಬಿಯೇ ಇತ್ತು, ಮುಳ್ಳು ಹನ್ನೊಂದು ವಾರ ಸುಳ್ಳು ಹೇಳಿಕೊಂಡು ಬಂದಿತ್ತು ಎಂದಾಯಿತು. ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಟೆಲಿಗ್ರಾಂ ಹೊರಗೆ ಬಂದು ಮುಳ್ಳನ್ನೂ ನನ್ನನ್ನೂ ನೋಡಿದ. “ಬೇಡಿತ್ತು,” ಎಂದು ಹೇಳಿ ಹೊರಟುಹೋದ. ಹೊಟ್ಟೆಕಿಚ್ಚು ಒಂದೇ ಪದದಲ್ಲಿ ಇಷ್ಟು ಸ್ಪಷ್ಟವಾಗಿ ಹೊರಬಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅದರ ಮುಂದಿನ ವಾರ ನನ್ನ ಬದುಕಿನ ಅತ್ಯಂತ ಸೊಗಸಾದ ವಾರ. ಮಂಗಳವಾರ ಆಪರೇಷನ್ ಸುಸೂತ್ರವಾಗಿ ನಡೆಯಿತು. ಅತ್ತೆ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದರು. ಆಸ್ಪತ್ರೆಗೆ ಹೋಗಿ ಬಂದು ಹೋಗಿ ಬಂದು, ಅಂಗಡಿಗೂ ಓಡಾಡಿ ಹೆಂಡತಿ ದಣಿದಿರಬೇಕಿತ್ತು. ಆದರೆ ಅವಳು ಏನೋ ಗುನುಗುತ್ತಿದ್ದಳು. ನನ್ನ ಅಂಗಿಗೆ ಕೇಳದೆಯೇ ಇಸ್ತ್ರಿ ಮಾಡಿಟ್ಟಳು. ಊಟಕ್ಕೆ ಕೂತಾಗ ನನ್ನನ್ನು ಸುಮ್ಮನೆ ನೋಡಿ ನಕ್ಕಳು. ಶುಕ್ರವಾರ ನನ್ನ ತಟ್ಟೆಗೆ ಎರಡನೆಯ ಸಲ ಸಿಹಿ ಬಡಿಸಿ, “ನೀವು ಏನೂ ಹೇಳ್ಕೊಳಲ್ಲ. ಆದ್ರೆ ನಂಗೆ ಎಲ್ಲ ಗೊತ್ತಾಗುತ್ತೆ,” ಎಂದಳು. ಮುಳ್ಳು ರಿಪೇರಿ ಮಾಡಿದ್ದಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡು, “ಅದೇನು ಮಹಾ ಕೆಲಸ,” ಎಂದೆ ವಿನಯದಿಂದ. ಅವಳ ಕಣ್ಣು ಇನ್ನಷ್ಟು ಮೃದುವಾಯಿತು. ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು, ಮೋಡದ ಅಂಚು ಕೆಂಪಾಗಿ ಬೂದಿಯಾಗುವವರೆಗೆ ನೋಡಿದೆವು. ಅವಳೂ ನನ್ನ ಜೊತೆ ಸ್ವಲ್ಪ ದೂರ ಮೇಲೆ ಬಂದಂತೆ ಕಂಡಿತು.

ಭಾನುವಾರ ಎಂಟೂವರೆ: ಫುಲ್.

ಸೋಮವಾರ ಹತ್ತು ಗಂಟೆಗೆ ಹೊರಟೆವು. ನಾನು ಸ್ಟಿಯರಿಂಗ್ ಹಿಡಿದು, ಹೆಂಡತಿ ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ. ಅವರ ಮಡಿಲಲ್ಲಿ ಕೈಚೀಲ, ಅದರೊಳಗೆ ಒಂದು ಸೂಜಿ, ಒಂದು ದಾರದ ಉಂಡೆ. ಪಟ್ಟಿ ಬಿಚ್ಚಿದ ತಕ್ಷಣ ಅಲ್ಲೇ ಪೋಣಿಸಿ ನೋಡಬೇಕಂತೆ. ಆಕಾಶದಲ್ಲಿ ಎಂಟರಲ್ಲಿ ಮೂರು ಪಾಲು ಮೋಡ, ತಂಪು ಗಾಳಿ. ಅರ್ಧ ದಾರಿಯಲ್ಲಿ ಅತ್ತೆ ತಲೆಯನ್ನು ಒಂದು ಕಡೆ ವಾಲಿಸಿದರು.

“ಅಳಿಯಂದ್ರೇ, ಕಾರಲ್ಲಿ ಪೆಟ್ರೋಲ್ ಇದ್ಯಾ? ಕೇಳಬಾರದು ಅಂದಿದ್ರಿ, ಆದ್ರೂ ಕೇಳ್ತಿದೀನಿ.”

“ಫುಲ್ ಇದೆ ಅತ್ತೆ.”

“ಹೋದ ಮಂಗಳವಾರ ತಿರುವಿನಲ್ಲಿ ಸೀಟಿನ ಕೆಳಗೆ ನೀರು ತುಳುಕಿದ ಹಾಗೆ ಸದ್ದು ಬರ್ತಿತ್ತು. ಇವತ್ತು ಏನೂ ಕೇಳಿಸ್ತಿಲ್ಲ.”

“ತುಂಬಿದ್ದು ತುಳುಕಲ್ಲ ಅತ್ತೆ,” ಎಂದು ನಾನು ಮುಳ್ಳಿನ ಗಾಜನ್ನು ಎರಡು ಸಲ ತಟ್ಟಿ ತೋರಿಸಿದೆ. (ಕಣ್ಣಿಗೆ ಪಟ್ಟಿ ಕಟ್ಟಿದವರಿಗೆ.)

ಮುಂದಿನ ತಿರುವಿನಲ್ಲಿ ಕಾರು ಎರಡು ಸಲ ಬಿಕ್ಕಳಿಸಿತು. ಆಮೇಲೆ ಎಂಜಿನ್ ಸದ್ದು ಅಡಗಿ, ಚಕ್ರಗಳ ಸದ್ದು ಮಾತ್ರ ಉಳಿದು, ಅದೂ ನಿಧಾನವಾಗಿ, ನಾವು ಒಂದು ಮರದ ನೆರಳಿಗೆ ಹೋಗಿ ನಿಂತೆವು. ಗಂಟೆ ಹತ್ತು ಇಪ್ಪತ್ತು. ಮುಳ್ಳು ಫುಲ್ ಎಂಬಲ್ಲಿ ರಾಜನಂತೆ ಕೂತಿತ್ತು.

“ಏನಾಯ್ತು ರೀ?”

“ಎಂಜಿನ್ ಬಿಸಿಯಾಗಿರಬೇಕು. ಪೆಟ್ರೋಲ್ ಅಂತೂ ತುಂಬಾ ಇದೆ.”

“ಅದು ಗೊತ್ತು. ನೀವೇ ದಿನಾ ಹಾಕಿಸ್ತಿದೀರಲ್ಲ.”

“ನಾನಾ? ನಾನ್ಯಾಕೆ ಹಾಕಿಸ್ಲಿ? ಟ್ಯಾಂಕು ಮೊದಲೇ ತುಂಬಿತ್ತಲ್ಲ. ಮುಳ್ಳು ರಿಪೇರಿ ಮಾಡಿದ ಮೇಲೆ ಗೊತ್ತಾಯ್ತು.”

ಅವಳು ನನ್ನನ್ನು ನೋಡಿದಳು. ಆ ವಾರವಿಡೀ ಅವಳ ಮುಖದಲ್ಲಿ ಇದ್ದ ಬೆಳಕು ಮೆಲ್ಲಗೆ ಆರುವುದನ್ನು ನಾನು ನೋಡಿದೆ.

“ಅಂದ್ರೆ ನೀವು ಒಂದು ಸಲಾನೂ ಹಾಕಿಸಿಲ್ಲ.”

“ಹನ್ನೆರಡು ವಾರದಿಂದ ಇಲ್ಲ,” ಎಂದೆ ತುಸು ಹೆಮ್ಮೆಯಿಂದ.

“ಹನ್ನೊಂದು ವಾರ ನಾನು ಹಾಕಿಸಿದೀನಿ ರೀ. ಪ್ರತಿ ಶನಿವಾರ ಸಂಜೆ, ಅಂಗಡಿ ಮುಚ್ಚಿ ಬರುವಾಗ. ಫುಲ್ ಮಾಡಿಸಿದ್ರೆ ನಿಮಗೆ ಗೊತ್ತಾಗಿ ಬೇಜಾರಾಗುತ್ತೆ ಅಂತ ಸರಿಯಾಗಿ ಅರ್ಧಕ್ಕೆ ನಿಲ್ಲಿಸ್ತಿದ್ದೆ. ಬಂಕ್‌ನವರಿಗೆ ಹೇಳಿಟ್ಟಿದ್ದೆ, ಮುಳ್ಳು ಅರ್ಧ ಮುಟ್ಟಿದ ತಕ್ಷಣ ನಿಲ್ಸಿ ಅಂತ. ಈ ವಾರ ನೋಡಿದ್ರೆ ಯಾವಾಗಲೂ ಫುಲ್. ನೀವೇ ನನಗೆ ಗೊತ್ತಾಗದ ಹಾಗೆ ದಿನಾ ಹಾಕಿಸ್ತಿದೀರ ಅಂದ್ಕೊಂಡೆ. ಅದಕ್ಕೇ ಮೊನ್ನೆ ಶನಿವಾರ ಬಂಕ್‌ಗೆ ಹೋಗಲಿಲ್ಲ.” ಕಿಟಕಿಯ ಕಡೆ ತಿರುಗಿ ಹೇಳಿದಳು, “ಎಷ್ಟು ಖುಷಿಯಾಗಿದ್ದೆ ನಾನು.”

 ಅತ್ತೆ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದರು. ನಾನು ಮುಖ ತಿರುಗಿಸಿಕೊಂಡೆ. ಮೋಡ ನೋಡಲಿಲ್ಲ ಎಂದರೆ ನಂಬಿ.

ಆಸ್ಪತ್ರೆಗೆ ಒಗೆದ ಹಾಸಿಗೆ ಬಟ್ಟೆ ಸಾಗಿಸುವ ವ್ಯಾನೊಂದು ಆ ದಾರಿಯಲ್ಲಿ ಬಂದದ್ದು ನಮ್ಮ ಪುಣ್ಯ. ಹೆಂಡತಿ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಾಕಿದಳು. ಬಟ್ಟೆಯ ಗಂಟುಗಳ ನಡುವೆ ಇಬ್ಬರಿಗಷ್ಟೇ ಜಾಗವಿತ್ತು. ಅತ್ತೆಯನ್ನು ನಾನೇ ಕೈಹಿಡಿದು ಹತ್ತಿಸಿದೆ. ವ್ಯಾನು ಹೊರಟಾಗ ಹೆಂಡತಿ ಹಿಂದಿನ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. “ಡಿಕ್ಕಿಯಲ್ಲಿ ಡಬ್ಬ ಇದೆ,” ಎಂದಷ್ಟೇ ಹೇಳಿದಳು.

ಪೆಟ್ರೋಲ್ ಬಂಕ್ ಎರಡು ಮೈಲಿ ಹಿಂದೆ. ಡಬ್ಬ ಹಿಡಿದು ನಡೆದೆ. ಬಿಸಿಲಿಗೆ ರಸ್ತೆ ಮುಂದೆ ಮುಂದೆ ನೀರಿನಂತೆ ಹೊಳೆಯುತ್ತ, ಹತ್ತಿರ ಹೋದರೆ ಸರಿಯುತ್ತಿತ್ತು. ಹನ್ನೊಂದು ಶನಿವಾರಗಳನ್ನು ಒಂದೊಂದಾಗಿ ಕಣ್ಣೆದುರು ತಂದುಕೊಂಡೆ. ಅಂಗಡಿಯ ಬಾಗಿಲು ಎಳೆದು, ನೋಯುವ ಬೆನ್ನಿನಲ್ಲಿ ಕಾರು ಹತ್ತಿ, ಬಂಕಿನ ಸರದಿಯಲ್ಲಿ ನಿಂತು, ಮುಳ್ಳು ಅರ್ಧಕ್ಕೆ ಬರುವುದನ್ನು ಬಗ್ಗಿ ನೋಡುತ್ತಿರುವ ಒಬ್ಬ ಹೆಂಗಸು. ಅದೇ ಹೊತ್ತಿಗೆ ಮನೆಯ ಮೆಟ್ಟಿಲ ಮೇಲೆ ಕೂತು ಮೋಡದ ಪಾಲು ಎಣಿಸುತ್ತಿರುವ ಒಬ್ಬ ಗಂಡಸು. ನಾನು ಈ ಮನೆಯನ್ನು ನಡೆಸುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನನ್ನೇ ಯಾರೋ ನಡೆಸಿಕೊಂಡು ಬಂದಿದ್ದರು. ನಾಚಿಕೆಯಾಯಿತು. ಅದರ ಜೊತೆಗೇ, ಹೇಳಬಾರದು, ಮದುವೆಯಾಗಿ ಇಷ್ಟು ವರ್ಷದ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿದಂತೆಯೂ ಆಯಿತು. ಆ ಗುಂಗಿನಲ್ಲಿ ಬಂಕನ್ನು ದಾಟಿ ನೂರು ಗಜ ಮುಂದೆ ಹೋಗಿ, ವಾಪಸು ಬಂದೆ.

ದಾರಿಯಲ್ಲಿ ಒಬ್ಬರು ಬೈಕಿನಲ್ಲಿ ಹತ್ತಿಸಿಕೊಂಡದ್ದರಿಂದ ಕಾರಿನ ಹತ್ತಿರ ಬೇಗ ಬಂದೆ. ಆಸ್ಪತ್ರೆ ಮುಟ್ಟಿದಾಗ ಗಂಟೆ ಹನ್ನೊಂದು ಇಪ್ಪತ್ತೈದು. ಓಡಿ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. ಏದುಸಿರಿಗೆ ಬಾಯಿಂದ ಮಾತು ಹೊರಡಲಿಲ್ಲ. ಡಾಕ್ಟರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡು ಹೊರಡಲು ಸಿದ್ಧವಾಗಿ ನಿಂತಿದ್ದರು. ಅತ್ತೆ ಕುರ್ಚಿಯಲ್ಲಿದ್ದರು. ಪಟ್ಟಿ ಇರಲಿಲ್ಲ. ಅವರ ಬೆರಳಲ್ಲಿ ಸೂಜಿ, ಸೂಜಿಯಿಂದ ಉದ್ದಕ್ಕೆ ಇಳಿದ ದಾರ. ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಒರಗಿದೆ.

“ಹತ್ತಿರದ್ದು ಆಯ್ತು. ಇನ್ನು ದೂರದ್ದು,” ಎಂದರು ಡಾಕ್ಟರು. “ಬಾಗಿಲಲ್ಲಿ ಏನು ಕಾಣುತ್ತೆ, ಹೇಳಿ.”

ಅತ್ತೆ ಕತ್ತು ಮುಂದೆ ಚಾಚಿದರು. “ಯಾರೋ ವಯಸ್ಸಾದೋರು. ನರೆತ ಮೀಸೆ. ಅಂಗಿ ಗುಂಡಿ ಒಂದು ಮೇಲೆ ಕೆಳಗಾಗಿದೆ. ಕೈಯಲ್ಲಿ ಪೆಟ್ರೋಲ್ ಡಬ್ಬ.” ಮಗಳ ಕಡೆ ತಿರುಗಿ ದನಿ ತ‌ಗ್ಗಿಸಿದರು. “ಪಾಪ, ನಮ್ಮ ಕಾರಿಗೆ ಪೆಟ್ರೋಲ್ ತಂದ್ಕೊಟ್ಟೋರು ಇವರೇ ಇರ್ಬೇಕು. ಎಷ್ಟು ಬೆವೆತಿದಾರೆ ನೋಡು. ಏನಾದ್ರೂ ಕೊಟ್ಟು ಕಳಿಸೇ.”

“ಅಮ್ಮ, ಅವರು ನಿನ್ನ ಅಳಿಯ.”

ಅತ್ತೆ ಮತ್ತೆ ನನ್ನ ಕಡೆ ತಿರುಗಿದರು. ಅಡಿಯಿಂದ ಮುಡಿಯವರೆಗೆ ನಿಧಾನವಾಗಿ, ಹೊಲಿದ ಬಟ್ಟೆಯ ಅಂಚು ಪರೀಕ್ಷಿಸುವಂತೆ ನೋಡಿದರು.

“ಹೌದಾ? ಹಾಗಾದ್ರೆ ಏನೂ ಕೊಡಬೇಡ.”

ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದು, ಪೆಟ್ಟಿಗೆ ಎತ್ತಿಕೊಂಡು ಹೊರಟರು.